ಲಗಾಮು ಕೈಯಲ್ಲಿ, ಸಮತೋಲ ಮೈಯಲ್ಲಿ

‘ಕುದುರೆ ಕಂಡ ಕೂಡಲೆ ಕಾಲುನೋವು’ ಎಂಬುದು ನಮ್ಮ ಹಿರಿಯರ ಗಾದೆ. ದಾರಿಯುದ್ದಕ್ಕೂ ಚೆನ್ನಾಗಿ ನಡೆದು ಬಂದವನಿಗೆ ಏರಲೊಂದು ಕುದುರೆ ಕಂಡೊಡನೆ ಕಾಲುನೋವು ಕಾಣಿಸಿಕೊಳ್ಳುತ್ತದೆಂಬುದು ಅದರ ತಾತ್ಪರ್ಯ. ನನ್ನ ವಿಷಯದಲ್ಲಿ ಈ ಗಾದೆ ಸ್ವಲ್ಪ ತಿರುವುಮುರುವಾಗಿ ಸತ್ಯವಾಯಿತು. ನನಗೆ ಕಾಲುನೋವು ಬಂದುದು ಕುದುರೆಯನ್ನು ಕಂಡಾಗಲಲ್ಲ, ಅದರ ಮೇಲೆ ಅರ್ಧ ಗಂಟೆ ಕುಳಿತು ಇಳಿದಾಗ. ನಲವತ್ನಾಲ್ಕನೆಯ ವಯಸ್ಸಿನಲ್ಲಿ ಕುದುರೆ ಸವಾರಿ ಕಲಿಯಹೊರಟ ಬ್ಯಾಂಕು ಅಧಿಕಾರಿಯೊಬ್ಬನ ಅನುಭವವು ಆರೋಗ್ಯದ ದೃಷ್ಟಿಯಿಂದ ವಾಚಕ ಬಂಧುಗಳಿಗೆ ಉಪಯುಕ್ತವಾಗಬಹುದೆಂಬ ಭಾವನೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಅಶ್ವಶಾಸ್ತ್ರವನ್ನು ಬಲ್ಲವನೂ ಅಲ್ಲ. ವಾಣಿಜ್ಯ ಪದವೀಧರ, ಕೂಡಿ ಕಳೆಯುವುದಷ್ಟೇ ನನ್ನ ವಿದ್ಯೆ.

ನನ್ನ ಹುಟ್ಟೂರು ತುಮಕೂರು ಜಿಲ್ಲೆಯ ಕುಣಿಗಲ್ಲು. ಟಿಪ್ಪು ಸುಲ್ತಾನನ ಕಾಲದಿಂದಲೂ ಕುದುರೆಗಳ ಸಾಕಣೆಗೆ ಹೆಸರಾದ ಊರು ಅದು. ಕುದುರೆ ಫಾರಂನ ಬೇಲಿಯಾಚೆ ತಾಯಂದಿರ ಮಗ್ಗುಲಲ್ಲಿ ನೆಗೆದಾಡುವ ಮರಿಗಳನ್ನು ನೋಡುತ್ತಾ ನಾವು ಶಾಲೆಗೆ ಹೋಗುತ್ತಿದ್ದೆವು. ಅವು ಬೆಳೆದು ಮುಂಬಯಿಯ ಮಹಾಲಕ್ಷ್ಮಿಯಲ್ಲಿ ಓಡುತ್ತವೆಂದು ದೊಡ್ಡವರು ಹೇಳುವುದನ್ನು ಕೇಳಿ ಬೆರಗಾಗುತ್ತಿದ್ದೆವು. ಮುಂದೆ ನಾನೂ ಅದೇ ಮುಂಬಯಿಗೆ ಬಂದೆ. ಆದರೆ ಬೇಲಿಯ ಈಚೆಯ ಹುಡುಗನಿಗೂ ಆಚೆಯ ಕುದುರೆಗೂ ಇದ್ದ ಸಂಬಂಧ ದೂರದ ನೋಟಕ್ಕೆ ಸೀಮಿತವಾಗಿಯೇ ಉಳಿಯಿತು.

ಮುಂಬಯಿಯಲ್ಲಂತೂ ಕುದುರೆ ಕಣ್ಮರೆಯಾಗುತ್ತ ಬಂದ ಪ್ರಾಣಿ. ಬಾಡಿಗೆಯ ವಿಕ್ಟೋರಿಯಾ ಗಾಡಿಗಳನ್ನು ನಿಲ್ಲಿಸುವಂತೆ ಉಚ್ಚ ನ್ಯಾಯಾಲಯವು ೨೦೧೫ರಲ್ಲಿ ತೀರ್ಪಿತ್ತಿತು. ಫೋರ್ಟಿನ ನನ್ನ ಕಚೇರಿಯ ಹಾದಿಯಲ್ಲಿರುವ ಕಾಳಾ ಘೋಡಾ ಚೌಕಕ್ಕೆ ಹೆಸರು ತಂದ ಪ್ರತಿಮೆ, ಎಂದರೆ ಯುವರಾಜನಾಗಿದ್ದಾಗಿನ ಏಳನೆಯ ಎಡ್ವರ್ಡನ ಅಶ್ವಾರೋಹಿ ಪ್ರತಿಮೆ, ೧೯೬೫ರಲ್ಲಿ ಅಲ್ಲಿಂದ ತೆಗೆಯಲ್ಪಟ್ಟು ಭಾಯಖಳಾದ ರಾಣಿಬಾಗನ್ನು ಸೇರಿತು. ೨೦೧೭ರಲ್ಲಿ ಅಲ್ಲಿ ಮತ್ತೊಂದು ಕಪ್ಪು ಕುದುರೆಯನ್ನು ನಿಲ್ಲಿಸಿದರು. ಈ ಕುದುರೆಯ ಮೇಲೆ ಸವಾರನಿಲ್ಲ, ಜೀನಿಲ್ಲ, ಲಗಾಮೂ ಇಲ್ಲ. ಸವಾರನಿಲ್ಲದೆ ಕುದುರೆ ಇನ್ನಷ್ಟು ಚೆಂದವಾಗಿ ಕಾಣುತ್ತದಲ್ಲವೇ ಎಂದು ನಾನು ಮನಸ್ಸಿನಲ್ಲಿಯೇ ಅಂದುಕೊಳ್ಳುವುದುಂಟು. ಹಾಗೆ ಅಂದುಕೊಳ್ಳಲು ಒಂದು ಕಾರಣವಿದೆ.

ಮಾಥೇರಾನಿನ ಪ್ರಸಂಗ

ಎರಡು ವರ್ಷಗಳ ಹಿಂದೆ ಸಂಸಾರಸಮೇತನಾಗಿ ಮಾಥೇರಾನಿಗೆ ಹೋಗಿದ್ದೆ. ಕಾರುಗಳಿಗೆ ಪ್ರವೇಶವಿಲ್ಲದ ಆ ಗಿರಿಧಾಮದಲ್ಲಿ ಕುದುರೆಯ ಸವಾರಿಯೇ ಪ್ರವಾಸಿಗರ ದೊಡ್ಡ ಆಕರ್ಷಣೆ. ಹನ್ನೊಂದು ವರ್ಷದ ಮಗಳ ಮುಂದೆ ಪೌರುಷ ತೋರಿಸುವ ಉಮೇದಿನಲ್ಲಿ ನಾನು ಒಂದು ಕೆಂಪು ಕುದುರೆಯನ್ನು ಏರಿ, “ನೀನು ಹಿಡಿಯುವುದು ಬೇಡ, ನಾನೇ ನಡೆಸುತ್ತೇನೆ” ಎಂದು ಜೊತೆಯ ಹುಡುಗನಿಂದ ಲಗಾಮನ್ನು ತೆಗೆದುಕೊಂಡೆ. ಉತ್ತರಕುಮಾರನ ಕಥೆ ಬಲ್ಲವರಿಗೆ ಮುಂದಿನದನ್ನು ಊಹಿಸುವುದು ಕಷ್ಟವಲ್ಲ. ಮರದಿಂದ ಕೋತಿಯೊಂದು ಪ್ಲಾಸ್ಟಿಕ್ ಚೀಲದೊಡನೆ ದಾರಿಗೆ ಧುಮುಕಿತು. ಕುದುರೆ ಬೆದರಿ ಓಡತೊಡಗಿತು. ಬೀಳುವ ಭಯದಿಂದ ನಾನು ಎರಡೂ ಕಾಲುಗಳಿಂದ ಅದರ ಹೊಟ್ಟೆಯನ್ನು ಬಿಗಿಯಾಗಿ ಅಮುಕಿ ಹಿಡಿದೆ, ಎರಡೂ ಕೈಗಳಿಂದ ಲಗಾಮನ್ನು ಬಲವಾಗಿ ಜಗ್ಗಿದೆ. ಕುದುರೆಯ ಭಾಷೆಯಲ್ಲಿ ಮೊದಲನೆಯದರ ಅರ್ಥ ‘ಓಡು’, ಎರಡನೆಯದರ ಅರ್ಥ ‘ನಿಲ್ಲು’ ಎಂಬುದು ಆಗ ನನಗೆ ತಿಳಿಯದು. ಏನು ಮಾಡಬೇಕೆಂದು ತೋಚದೆ ಆ ಬಡಪ್ರಾಣಿ ತಲೆ ಕೊಡಹಿ ಗಿರ್ರನೆ ಸುತ್ತಿತು. ಹುಡುಗ ಓಡಿ ಬಂದು ಹಿಡಿದುಕೊಂಡ.

ನಾನು ಬೀಳಲಿಲ್ಲ. ಆದರೆ ಕುದುರೆಯ ಬಾಯಿಯ ಅಂಚಿನ ನೊರೆ ಕೆಂಪಗಿತ್ತು. ಹುಡುಗ ಬಾಟಲಿಯ ನೀರಿನಿಂದ ಅದನ್ನು ತೊಳೆದು, “ಅಷ್ಟು ಜೋರಾಗಿ ಎಳೆಯಬಾರದು ಸಾಹೇಬ” ಎಂದಷ್ಟೇ ಹೇಳಿದ. ಮಗಳು, “ಅಪ್ಪಾ, ಅದಕ್ಕೆ ನೋವಾಯಿತಲ್ಲವಾ?” ಎಂದಳು. ಹುಡುಗನ ಕೈಗೆ ಹೆಚ್ಚು ಹಣವಿಟ್ಟೆ. ಲೆಕ್ಕ ಚುಕ್ತಾ ಆಯಿತೆಂದು ಅನ್ನಿಸಲಿಲ್ಲ.

ಊರಿಗೆ ಹಿಂದಿರುಗಿದ ಮೇಲೂ ಆ ಕೆಂಪು ನೊರೆ ಕಣ್ಣಿಂದ ಮರೆಯಾಗಲಿಲ್ಲ. ಇದೇ ವೇಳೆಗೆ, ಇಪ್ಪತ್ತು ವರ್ಷ ಕುರ್ಚಿಯಲ್ಲಿ ಕುಳಿತದ್ದರ ಫಲವಾಗಿ ನನ್ನ ಸೊಂಟನೋವು ಹೆಚ್ಚಿತ್ತು. ನಮ್ಮ ವೈದ್ಯರು ಪರೀಕ್ಷಿಸಿ, ಬೆನ್ನುಮೂಳೆಯಲ್ಲಿ ದೋಷವಿಲ್ಲವೆಂದೂ ಬೆನ್ನು ಮತ್ತು ಹೊಟ್ಟೆಯ ಸ್ನಾಯುಗಳು ಸಡಿಲವಾಗಿವೆಯೆಂದೂ ಹೇಳಿ ನಡಿಗೆ, ವ್ಯಾಯಾಮಗಳನ್ನು ವಿಧಿಸಿದರು. ಕುದುರೆ ಸವಾರಿ ಕಲಿಯಬಹುದೇ ಎಂದು ಕೇಳಿದಾಗ ನಕ್ಕು, “ನಿಧಾನವಾಗಿ, ಒಳ್ಳೆಯ ಗುರುವಿನ ಕೈಕೆಳಗಾದರೆ ಆಗಬಹುದು” ಎಂದರು. ಮನೆಯಾಕೆ ಮಾತ್ರ, “ರೀ, ಈ ವಯಸ್ಸಿನಲ್ಲಿ ನಿಮಗಿದೆಲ್ಲ ಯಾಕೆ?” ಎಂದಳು. ಆ ಪ್ರಶ್ನೆಗೆ ಮಾಥೇರಾನಿನ ಹೊರತು ಬೇರೆ ಉತ್ತರ ನನ್ನಲ್ಲಿರಲಿಲ್ಲ.

ಗುರುವಿನ ಸನ್ನಿಧಿ

ಸವಾರಿಯ ಶಿಕ್ಷಣಕ್ಕೆ ಈ ನಗರದಲ್ಲಿ ಹಳೆಯ ಪರಂಪರೆಯೇ ಇದೆ. ಮಹಾಲಕ್ಷ್ಮಿಯ ರೇಸ್‌ಕೋರ್ಸು ೧೮೮೩ರದು. ಅಲ್ಲಿಯೇ ಇರುವ ಅಮೆಚೂರ್ ರೈಡರ್ಸ್ ಕ್ಲಬ್ಬು ೧೯೪೨ರಲ್ಲಿ ಸ್ಥಾಪಿತವಾದುದು. ಮುಲುಂಡಿನಲ್ಲಿ ವಾಸಿಸುವ ನನಗೆ ಅನುಕೂಲವಾದುದು ಠಾಣೆಯಾಚೆಯ ಒಂದು ಚಿಕ್ಕ ಶಾಲೆ. ಐದು ಕುದುರೆ, ಒಂದು ಮರಳಿನ ಅಂಗಳ, ಒಂದು ಬೇವಿನ ಮರ. ಭಾನುವಾರ ಬೆಳಿಗ್ಗೆ ಆರೂವರೆಗೆ ಪಾಠ. ಕಲಿಸುವವರು ಜಯಪುರದ ೬೧ನೆಯ ಅಶ್ವದಳದಿಂದ ನಿವೃತ್ತರಾದ ದಫೇದಾರರು. ಎಲ್ಲರೂ ಅವರನ್ನು ಉಸ್ತಾದರೆಂದೇ ಕರೆಯುತ್ತಿದ್ದರು. ೧೯೫೩ರಲ್ಲಿ ದೇಶೀಯ ಸಂಸ್ಥಾನಗಳ ಕುದುರೆ ಪಡೆಗಳನ್ನು ಒಟ್ಟುಗೂಡಿಸಿ ರಚಿಸಿದ ದಳ ಅದು. ಅದರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸಿನ ಸವಾರರೂ ಇದ್ದರು. ೧೯೧೮ರ ಸೆಪ್ಟೆಂಬರ್ ೨೩ರಂದು ಪ್ಯಾಲೆಸ್ತೀನಿನ ಹೈಫಾ ನಗರವನ್ನು ಜೋಧಪುರದವರೊಡನೆ ಸೇರಿ ಗೆದ್ದವರು ಇದೇ ಮೈಸೂರಿನ ಸವಾರರು. ನಾನು ಆ ಸೀಮೆಯವನೆಂದು ತಿಳಿದ ಉಸ್ತಾದರು, “ನಿಮ್ಮ ಹಿರಿಯರು ಹೈಫಾ ಗೆದ್ದರು. ನೀವು ಮೊದಲು ರಿಕಾಪಿಗೆ ಕಾಲಿಡಿ” ಎಂದರು.

ನನ್ನ ಪಾಲಿಗೆ ಬಂದ ಕುದುರೆ ಬಾದಲ್ ಎಂಬ ಬೂದು ಬಣ್ಣದ ಹನ್ನೆರಡು ವರ್ಷದ ಸಾಧುಪ್ರಾಣಿ. ಕುಣಿಗಲ್ಲಿನದಿರಬಹುದೆಂದು ನನ್ನ ಸ್ವಸ್ಥಳಾಭಿಮಾನ ಆಸೆಪಟ್ಟಿತು. ವಿಚಾರಿಸಲಾಗಿ ಪುಣೆಯ ಕಡೆಯದೆಂದು ತಿಳಿಯಿತು.

ಮೊದಲ ದಿನ ಸವಾರಿಯೇ ಇಲ್ಲ. ಮೈ ಉಜ್ಜುವುದು, ಗೊರಸಿನ ಕಲ್ಲುಮಣ್ಣು ತೆಗೆಯುವುದು, ಹಿಡಿದು ನಡೆಸುವುದು, ಇಷ್ಟೇ. ಕುದುರೆಯ ಕಣ್ಣುಗಳು ತಲೆಯ ಎರಡು ಮಗ್ಗುಲಲ್ಲಿರುವುದರಿಂದ ಅದು ತನ್ನ ಸುತ್ತಲಿನ ಬಹುಭಾಗವನ್ನು ಒಮ್ಮೆಗೇ ಕಾಣಬಲ್ಲದು. ಕಾಣದಿರುವುದು ಹಣೆಯ ನೇರ ಮುಂದಿನ ಸ್ವಲ್ಪ ಜಾಗ ಮತ್ತು ಬಾಲದ ನೇರ ಹಿಂದಿನ ಜಾಗ. ಆದಕಾರಣ ಹಿಂದಿನಿಂದ ಸದ್ದಿಲ್ಲದೆ ಹೋಗಬಾರದು. ಮಾತಾಡಿಸುತ್ತಾ ಹೆಗಲಿನ ಕಡೆಯಿಂದ ಸಮೀಪಿಸಬೇಕು. ಹುಲ್ಲು ಮೇಯುವ ಈ ಪ್ರಾಣಿಗೆ ಪಲಾಯನವೇ ಪ್ರಕೃತಿ ಕೊಟ್ಟ ರಕ್ಷಣೆ. ಬೆನ್ನ ಮೇಲೆ ಹಾರಿ ಅವಚಿಕೊಳ್ಳುವುದು ಹುಲಿಸಿಂಹಗಳ ರೀತಿ. ಬೆದರಿದ ಸವಾರ ಮಾಡುವುದೂ ಅದನ್ನೇ. ಉಸ್ತಾದರು ಹೀಗೆಂದಾಗ ನನಗೆ ಮಾಥೇರಾನಿನ ಅರ್ಧ ರಹಸ್ಯ ತಿಳಿಯಿತು.

ಲಗಾಮಿಲ್ಲದ ಪಾಠ

ಎರಡನೆಯ ಭಾನುವಾರ ಕುದುರೆಯನ್ನೇರಿಸಿದರು. ಆದರೆ ಲಗಾಮನ್ನು ಕೊಡಲಿಲ್ಲ. ಉದ್ದನೆಯ ಹಗ್ಗವೊಂದನ್ನು ಬಾದಲಿಗೆ ಕಟ್ಟಿ, ತಾವು ನಡುವೆ ನಿಂತು, ಅದನ್ನು ದೊಡ್ಡ ವೃತ್ತದಲ್ಲಿ ನಡೆಸತೊಡಗಿದರು. ನಾನು ಎರಡೂ ತೋಳುಗಳನ್ನು ಪಕ್ಕಕ್ಕೆ ಚಾಚಿ ಕುಳಿತಿರಬೇಕು. ಆರು ಭಾನುವಾರ ಇದೇ ಪಾಠ. ಆರನೆಯ ವಾರ ನಾನು ಅಸಮಾಧಾನದಿಂದ, “ಲಗಾಮು ಯಾವಾಗ ಕೊಡುತ್ತೀರಿ?” ಎಂದು ಕೇಳಿದೆ. “ಅದು ಬೇಡವೆನ್ನಿಸಿದ ದಿನ” ಎಂಬ ಉತ್ತರ ಬಂತು.

ಕುಳಿತುಕೊಳ್ಳುವ ಕ್ರಮ ಹೇಳುವುದಕ್ಕೆ ಸುಲಭ. ಮಗ್ಗುಲಿನಿಂದ ನೋಡಿದಾಗ ಸವಾರನ ಕಿವಿ, ಭುಜ, ಸೊಂಟ, ಹಿಮ್ಮಡಿ ನಾಲ್ಕೂ ಒಂದೇ ಲಂಬರೇಖೆಯಲ್ಲಿರಬೇಕು. ಪಾದದ ಅಗಲವಾದ ಮುಂಭಾಗ ಮಾತ್ರ ರಿಕಾಪಿನಲ್ಲಿ. ಹಿಮ್ಮಡಿ ಸ್ವಲ್ಪ ಕೆಳಗೆ. ಮೊಣಕಾಲನ್ನು ಬಿಗಿಹಿಡಿಯಬಾರದು. ನಲವತ್ತು ದಾಟಿದ ಕಚೇರಿಯ ದೇಹಕ್ಕೆ ಇದರಲ್ಲಿ ಒಂದೂ ಒಗ್ಗದು. ನನ್ನ ತಲೆ, ಕಡತ ನೋಡುವ ಅಭ್ಯಾಸದಿಂದ, ಸದಾ ಮುಂದಕ್ಕೆ ಬಾಗಿರುತ್ತಿತ್ತು. ವಯಸ್ಕನ ತಲೆ ಐದು ಕಿಲೋಗ್ರಾಮಿಗೆ ಹತ್ತಿರದ ಭಾರ. ಅದು ಮುಂದೆ ವಾಲಿದರೆ ಮೈಯೂ ವಾಲುತ್ತದೆ. ಕುದುರೆಯಾದರೋ ನಿಂತಾಗಲೇ ತನ್ನ ಭಾರದ ಅರ್ಧಕ್ಕಿಂತ ಹೆಚ್ಚನ್ನು ಮುಂಗಾಲುಗಳ ಮೇಲೆ ಹೊತ್ತಿರುತ್ತದೆ. ವಾಲಿದ ಸವಾರ ಆ ಹೊರೆಯನ್ನು ಇನ್ನೂ ಹೆಚ್ಚಿಸುತ್ತಾನೆ.

ಮೈಯನ್ನು ಸಡಿಲ ಬಿಟ್ಟರೆ ಬೀಳುವೆನೆಂಬ ಭಯ, ಬಿಗಿ ಹಿಡಿದರೆ ಪುಟಿಯುವ ಸಂಕಟ. ಉಸ್ತಾದರು ಕೊನೆಗೆ, “ಸಾಹೇಬರೇ, ಲೋಕಲ್‌ನಲ್ಲಿ ಹೇಗೆ ನಿಲ್ಲುತ್ತೀರಿ?” ಎಂದರು. ವಾಚಕ ಬಂಧುಗಳೇ, ಈ ಪ್ರಶ್ನೆಯಿಂದ ನನ್ನ ಕಣ್ಣು ತೆರೆಯಿತು. ಮುಲುಂಡಿನಿಂದ ಛತ್ರಪತಿ ಶಿವಾಜಿ ಟರ್ಮಿನಸ್ಸಿನವರೆಗೆ, ಹಿಡಿಕೆ ಸಿಗದ ದಟ್ಟಣೆಯಲ್ಲಿ, ಎಷ್ಟು ವರ್ಷ ನಿಂತು ಪ್ರಯಾಣ ಮಾಡಿಲ್ಲ! ಗಾಡಿ ಕುರ್ಲಾದ ಬಳಿ ಹಳಿ ಬದಲಿಸುವಾಗ ಮೊಣಕಾಲು ತಾನಾಗಿ ಸಡಿಲಗೊಂಡು, ಸೊಂಟ ಒಂದಿಷ್ಟು ಓಲಿ, ಪಾದ ನೆಲವನ್ನು ಹುಡುಕಿಕೊಳ್ಳುತ್ತದೆ. ಕೈ ಏನನ್ನೂ ಹಿಡಿಯುವುದಿಲ್ಲ. ಆ ಸಮತೋಲವನ್ನೇ ಕುದುರೆಯ ಮೇಲಕ್ಕೆ ತರಬೇಕಾಗಿತ್ತು. ಮುಂದಿನ ಸುತ್ತಿನಲ್ಲಿ ಕಣ್ಣು ಮುಚ್ಚಿ ರೈಲಿನಲ್ಲಿದ್ದೇನೆಂದು ಭಾವಿಸಿದೆ. ಬಾದಲಿನ ಬೆನ್ನು ನನ್ನ ಸೊಂಟವನ್ನು ಮುಂದೆ-ಹಿಂದೆ, ಎಡಕ್ಕೆ-ಬಲಕ್ಕೆ, ಮೇಲೆ-ಕೆಳಗೆ ಒಯ್ಯುವುದು ಮೊದಲ ಬಾರಿಗೆ ಅನುಭವಕ್ಕೆ ಬಂತು.

ಕುದುರೆಯ ಸಾಧಾರಣ ನಡಿಗೆಗೆ ನಾಲ್ಕು ತಾಳ. ಒಂದೊಂದು ಕಾಲೂ ಬೇರೆ ಬೇರೆಯಾಗಿ ನೆಲಕ್ಕೆ ಬೀಳುತ್ತದೆ. ಕುಕ್ಕುಲೋಟಕ್ಕೆ ಎರಡೇ ತಾಳ. ಎದುರುಬದುರು ಮೂಲೆಯ ಕಾಲುಗಳು ಜೋಡಿಯಾಗಿ ಏಳುತ್ತವೆ. ಸೊಂಟವನ್ನು ಪುಡಿ ಮಾಡುವುದು ಈ ಎರಡನೆಯದು. ಇದರಲ್ಲಿ ಒಂದು ತಾಳಕ್ಕೆ ಏಳುವುದು, ಮರುತಾಳಕ್ಕೆ ಕೂರುವುದು ಎಂಬ ಕ್ರಮವನ್ನು ಕಲಿತ ಮೇಲೆ ನನ್ನ ಬೆನ್ನಿಗೂ ಬಾದಲಿನ ಬೆನ್ನಿಗೂ ಏಕಕಾಲದಲ್ಲಿ ನೆಮ್ಮದಿಯಾಯಿತು.

ತಿರುಗಿಸುವ ವಿದ್ಯೆ

ಮೂರನೆಯ ತಿಂಗಳಲ್ಲಿ ಲಗಾಮು ಕೈಗೆ ಬಂತು. ಕೊಡುವ ಮುನ್ನ ಉಸ್ತಾದರು ಬಾದಲಿನ ತುಟಿಯನ್ನು ಸರಿಸಿ ತೋರಿಸಿದರು. ಕುದುರೆಯ ಮುಂದಿನ ಹಲ್ಲುಗಳಿಗೂ ಹಿಂದಿನ ದವಡೆ ಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಒಂದು ತೆರಪು ಇದೆ. ಲೋಹದ ಕಡಿವಾಣ ನಾಲಗೆಯ ಮೇಲೂ ಆ ತೆರಪಿನ ಮೇಲೂ ಕೂರುತ್ತದೆ. ಅಲ್ಲಿ ಎಲುಬಿನ ಮೇಲೆ ತೆಳ್ಳನೆಯ ಒಸಡು ಮಾತ್ರ. ಕುದುರೆಯಾದರೋ ಮೈಮೇಲೆ ನೊಣ ಕುಳಿತರೂ ಚರ್ಮ ಅಲುಗಿಸುವಷ್ಟು ಸೂಕ್ಷ್ಮ ಸ್ಪರ್ಶಜ್ಞಾನವುಳ್ಳದ್ದು. “ನಿಮ್ಮ ಭಾರವನ್ನು ಇಲ್ಲಿ ನೇತುಹಾಕಿದರೆ ಏನಾದೀತು?” ಎಂದರು. ಏನಾಗುವುದೆಂದು ನಾನು ನೋಡಿದ್ದೆ. ಆರು ವಾರ ಲಗಾಮು ಕೊಡದಿದ್ದುದರ ಕಾರಣವೂ ತಿಳಿಯಿತು. ಸಮತೋಲ ಬಾರದವನು ಲಗಾಮನ್ನು ಕುದುರೆಗಾಗಿ ಹಿಡಿಯುವುದಿಲ್ಲ, ತನಗಾಗಿ ಹಿಡಿಯುತ್ತಾನೆ.

ಕುದುರೆಯನ್ನು ಬಲಕ್ಕೆ ತಿರುಗಿಸಬೇಕಾದರೆ ಬಲಗೈಯಿಂದ ಎಳೆಯುವುದೆಂದು ನಾವೆಲ್ಲ ತಿಳಿದಿರುತ್ತೇವೆ. ಕೈಯ ಕೆಲಸ ಕಟ್ಟಕಡೆಯದು. ಮೊದಲು ಕಣ್ಣು ಬಲಕ್ಕೆ ಹೋಗಬೇಕು, ಅದೂ ಕುದುರೆಯ ಕಿವಿಗಳ ಆಚೆಗೆ, ಹೋಗಬೇಕಾದ ಸ್ಥಳಕ್ಕೆ. ಕಣ್ಣನ್ನು ಹಿಂಬಾಲಿಸಿ ಭುಜ ತಿರುಗುತ್ತದೆ, ಭುಜವನ್ನು ಹಿಂಬಾಲಿಸಿ ಸೊಂಟ. ಭಾರ ಒಂದು ಗುಲಗಂಜಿಯಷ್ಟು ಬಲಕ್ಕೆ ಸರಿಯುತ್ತದೆ. ಬಲಗಾಲು ಹೊಟ್ಟೆಪಟ್ಟಿಯ ಬಳಿ ಮೃದುವಾಗಿ ಒತ್ತುತ್ತದೆ; ಕುದುರೆ ಆ ಕಾಲಿನ ಸುತ್ತ ಬಾಗುತ್ತದೆ. ಎಡಗಾಲು ಸ್ವಲ್ಪ ಹಿಂದಕ್ಕೆ ಸರಿದು ಅದರ ಹಿಂಭಾಗ ಹೊರಕ್ಕೆ ಜಾರದಂತೆ ಕಾಯುತ್ತದೆ. ಇಷ್ಟೆಲ್ಲ ಆದ ಮೇಲೆ, ಹಾಲು ಕರೆಯುವಾಗ ಬೆರಳು ಮಡಚುವಂತೆ, ಬಲಗೈಯ ಬೆರಳುಗಳು ಲಗಾಮನ್ನು ಮೆಲ್ಲಗೆ ಮುಚ್ಚುತ್ತವೆ. ಎಡಗೈ ಅಷ್ಟೇ ಬಿಟ್ಟುಕೊಡುತ್ತದೆ. ಕುದುರೆ ಒಪ್ಪಿದ ಕ್ಷಣವೇ ಬೆರಳು ಸಡಿಲಬೇಕು. ಆ ಸಡಿಲಿಕೆಯೇ ಅದಕ್ಕೆ ಸಲ್ಲುವ ಬಹುಮಾನ. ಕುದುರೆ ಕಲಿಯುವುದು ಎಳೆತದಿಂದಲ್ಲ, ಎಳೆತ ನಿಲ್ಲುವುದರಿಂದ.

ಅಂಗಳದಲ್ಲಿ ಖಾಲಿ ಡ್ರಮ್ಮುಗಳನ್ನಿಟ್ಟು ಅವುಗಳ ನಡುವೆ ಹಾವಿನ ನಡೆಯಲ್ಲಿ ಹೋಗಬೇಕಿತ್ತು. ಮೂರನೆಯ ಡ್ರಮ್ಮಿಗೆ ಡಿಕ್ಕಿ ಹೊಡೆಯಬಾರದೆಂದು ಅದನ್ನೇ ದಿಟ್ಟಿಸುತ್ತಿದ್ದೆ. ಬಾದಲ್ ನೇರವಾಗಿ ಅದರ ಬಳಿಗೇ ಹೋಗಿ ನಿಲ್ಲುತ್ತಿತ್ತು. “ಡ್ರಮ್ಮು ನೋಡಿದರೆ ಡ್ರಮ್ಮಿಗೆ, ದಾರಿ ನೋಡಿದರೆ ದಾರಿಗೆ” ಎಂದರು ಉಸ್ತಾದರು. ಕಠೋಪನಿಷತ್ತು ಇಂದ್ರಿಯಗಳನ್ನು ಕುದುರೆಗಳಿಗೂ ಮನಸ್ಸನ್ನು ಲಗಾಮಿಗೂ ಬುದ್ಧಿಯನ್ನು ಸಾರಥಿಗೂ ಹೋಲಿಸುವುದನ್ನು ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೆ. ಬಿಗಿಯಾಗಿ ಹಿಡಿಯುವುದೇ ನಿಗ್ರಹವೆಂದು ಅದಕ್ಕೆ ಅರ್ಥ ಮಾಡಿಕೊಂಡಿದ್ದೆ. ಸಾರಥಿ ಮೊದಲು ತಾನು ಸ್ಥಿರವಾಗಿ ಕೂರಬೇಕೆಂಬ ಅರ್ಥ ಹೊಳೆದುದು ಮೂರನೆಯ ಡ್ರಮ್ಮಿನ ಬಳಿ.

ಒಂದು ಪತನ

ನಾಲ್ಕನೆಯ ತಿಂಗಳಲ್ಲಿ ನಾನು ಬಿದ್ದೆ. ಪಕ್ಕದ ಕಟ್ಟಡದಿಂದ ನೀಲಿ ತಾಡಪಾಲೊಂದು ಗಾಳಿಗೆ ಹಾರಿತು. ಬಾದಲ್ ಎಡಕ್ಕೆ ನೆಗೆಯಿತು, ನಾನು ಬಲಕ್ಕೆ ಮರಳಿನ ಮೇಲೆ. ತಲೆಗೆ ಶಿರಸ್ತ್ರಾಣವಿದ್ದುದರಿಂದ ಭುಜದ ತರಚುಗಾಯದಲ್ಲಿ ಮುಗಿಯಿತು. ಉಸ್ತಾದರು ಕೈಕಾಲು ಆಡಿಸಿ ನೋಡಿ, ಹತ್ತು ನಿಮಿಷ ಕೂರಿಸಿ, ಮತ್ತೆ ಏರಿಸಿ ನಡಿಗೆಯಲ್ಲಿ ಎರಡು ಸುತ್ತು ಹಾಕಿಸಿದರು. ಅದರ ಮುಂದಿನ ಭಾನುವಾರ ಹೊರಡುವಾಗ ನನ್ನ ಕೈ ನಡುಗುತ್ತಿತ್ತೆಂಬುದನ್ನು ಮರೆಮಾಚುವುದಿಲ್ಲ. ಕುದುರೆಗೂ ಅದು ತಿಳಿದಿತ್ತು. ಅಂದು ಅದರ ಕಿವಿಗಳು ಒಂದು ಕ್ಷಣವೂ ನಿಲ್ಲಲಿಲ್ಲ. ಉಸಿರನ್ನು ದೀರ್ಘವಾಗಿ ಹೊರಬಿಡುವಂತೆ ಗುರುಗಳು ಹೇಳಿದರು. ನಾಲ್ಕೈದು ಸಲ ಹಾಗೆ ಮಾಡಿದ ಮೇಲೆ ನನ್ನ ಸೊಂಟ ಇಳಿಯಿತು, ಬಾದಲ್ ತಲೆ ತಗ್ಗಿಸಿತು. ಧೈರ್ಯವೆಂದರೆ ಹಲ್ಲು ಕಚ್ಚುವುದೆಂದು ತಿಳಿದಿದ್ದ ನನಗೆ ಇದು ಹೊಸ ಪಾಠ.

ಆರೋಗ್ಯಲಾಭ ಮತ್ತು ಎಚ್ಚರಿಕೆಗಳು

ಒಂದು ವರ್ಷದ ಜಮಾಖರ್ಚನ್ನು ಪ್ರಾಮಾಣಿಕವಾಗಿ ಒಪ್ಪಿಸುವುದಾದರೆ, ನನ್ನ ಸೊಂಟನೋವು ಬಹುಮಟ್ಟಿಗೆ ಇಳಿದಿದೆ. ಇದರಲ್ಲಿ ಸವಾರಿಯ ಪಾಲೆಷ್ಟು, ದಿನನಿತ್ಯದ ನಡಿಗೆಯ ಪಾಲೆಷ್ಟು ಎಂದು ಬೇರ್ಪಡಿಸಲಾರೆ. ಹೊಟ್ಟೆ, ಬೆನ್ನು, ತೊಡೆಯ ಒಳಭಾಗದ ಸ್ನಾಯುಗಳಿಗೆ ಸವಾರಿ ಒಳ್ಳೆಯ ವ್ಯಾಯಾಮವೆಂಬುದು ನಿಸ್ಸಂದೇಹ. ನಡೆಯುವ ಕುದುರೆ ಸವಾರನ ಸೊಂಟಕ್ಕೆ ಕೊಡುವ ಚಲನೆ ಮನುಷ್ಯ ತಾನೇ ನಡೆಯುವಾಗಿನ ಚಲನೆಯನ್ನು ಹೋಲುತ್ತದೆ. ಈ ಆಧಾರದ ಮೇಲೆಯೇ ನಡೆಯಲು ಕಷ್ಟವಿರುವ ಮಕ್ಕಳಿಗೆ ತಜ್ಞರ ಮೇಲ್ವಿಚಾರಣೆಯಲ್ಲಿ ಕುದುರೆಯ ಮೂಲಕ ಚಿಕಿತ್ಸೆ ನೀಡುವ ಪದ್ಧತಿ ಬೆಳೆದುಬಂದಿದೆ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬ ಮಹಿಳೆ ೧೯೪೪ರಲ್ಲಿ ಪೋಲಿಯೋಗೆ ತುತ್ತಾಗಿ ಮೊಣಕಾಲಿನ ಕೆಳಗೆ ಶಕ್ತಿ ಕಳೆದುಕೊಂಡರು. ಕುದುರೆ ಏರಲು ಇಳಿಯಲು ಇತರರ ನೆರವು ಬೇಕಾಗಿದ್ದ ಆಕೆ ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಡ್ರೆಸಾಜ್ ಸ್ಪರ್ಧೆಯ ಬೆಳ್ಳಿ ಪದಕ ಗೆದ್ದರು, ೧೯೫೬ರಲ್ಲಿ ಮತ್ತೊಮ್ಮೆ. ಸವಾರಿ ಕಾಲ ಬಲದ ವಿದ್ಯೆಯಲ್ಲ, ಸಮತೋಲದ ವಿದ್ಯೆಯೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನಮ್ಮವರೂ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಫವಾದ್ ಮಿರ್ಜಾ ೨೦೧೮ರ ಏಷ್ಯನ್ ಕ್ರೀಡೆಗಳಲ್ಲಿ ವೈಯಕ್ತಿಕ ಬೆಳ್ಳಿ ಪಡೆದರು. ೨೦೨೩ರಲ್ಲಿ ಹಾಂಗ್‌ಝೌನಲ್ಲಿ ಡ್ರೆಸಾಜ್ ತಂಡದ ಚಿನ್ನ ಗೆದ್ದ ನಾಲ್ವರಲ್ಲಿ ಮುಂಬಯಿಯ ಹೃದಯ್ ಛೇಡಾ ಒಬ್ಬರು.

ಕಲಿಯಲು ಇಚ್ಛಿಸುವವರು ಗಮನಿಸತಕ್ಕ ಅಂಶಗಳು ಇವು:

ಒಂದು: ಬೆನ್ನುಮೂಳೆಯ ಡಿಸ್ಕಿನ ತೊಂದರೆ, ಮೂಳೆ ಸವೆತ, ಈಚೆಗೆ ಶಸ್ತ್ರಚಿಕಿತ್ಸೆ ಆಗಿರುವುದು, ರಕ್ತ ಹೆಪ್ಪುಗಟ್ಟದಂತೆ ಔಷಧಿ ಸೇವಿಸುತ್ತಿರುವುದು, ಗರ್ಭಾವಸ್ಥೆ, ಇಂಥ ಸಂದರ್ಭಗಳಲ್ಲಿ ವೈದ್ಯರ ಅನುಮತಿಯಿಲ್ಲದೆ ಕುದುರೆ ಏರಲೇಬಾರದು.

ಎರಡು: ಅಳತೆಗೆ ಸರಿಯಾದ ಶಿರಸ್ತ್ರಾಣವನ್ನು ಕೆಳಪಟ್ಟಿ ಬಿಗಿದು ಧರಿಸಬೇಕು. ಹಿಮ್ಮಡಿಯುಳ್ಳ ಬೂಟು ಇರಲಿ. ಚಪ್ಪಲಿಯ ಪಾದ ರಿಕಾಪಿನೊಳಗೆ ಜಾರಿ ಸಿಕ್ಕಿಕೊಂಡರೆ ಬಿದ್ದವನನ್ನು ಕುದುರೆ ಎಳೆದೊಯ್ಯುವ ಅಪಾಯವಿದೆ.

ಮೂರು: ಲಾಯದಲ್ಲಿ ಓಡಾಡುವವರು ಧನುರ್ವಾಯು ನಿರೋಧಕ ಚುಚ್ಚುಮದ್ದನ್ನು ಕಾಲಕಾಲಕ್ಕೆ ಹಾಕಿಸಿಕೊಳ್ಳಬೇಕು.

ನಾಲ್ಕು: ಕುದುರೆಯ ಕ್ಷೇಮವೂ ನಮ್ಮ ಹೊಣೆ. ಸವಾರ ಹಾಗೂ ಜೀನಿನ ಒಟ್ಟು ಭಾರ ಕುದುರೆಯ ತೂಕದ ಐದರಲ್ಲೊಂದು ಪಾಲನ್ನು ಮೀರಬಾರದೆಂಬುದು ಸಾಮಾನ್ಯ ಲೆಕ್ಕ. ಕುಂಟುವ, ಬೆನ್ನು ಹುಣ್ಣಾದ ಕುದುರೆಯನ್ನು ಬಾಡಿಗೆಗೆ ತೆಗೆದುಕೊಳ್ಳಬೇಡಿರಿ.

ಐದು: ಜುಹುವಿನಲ್ಲೋ ಗಿರಿಧಾಮದಲ್ಲೋ ಒಂದು ಗಳಿಗೆಯ ವಿನೋದಕ್ಕಾಗಿ ಏರುವವರು ಲಗಾಮನ್ನು ಬಲ್ಲವನ ಕೈಯಲ್ಲಿಯೇ ಬಿಡಿರಿ. ಹೆದರಿಕೆಯಾದರೆ ಜೀನಿನ ಮುಂಭಾಗವನ್ನೋ ಕುತ್ತಿಗೆಯ ಕೂದಲನ್ನೋ ಹಿಡಿಯಿರಿ. ಅದರಿಂದ ಕುದುರೆಯ ಬಾಯಿಗೆ ಘಾಸಿಯಿಲ್ಲ.

ಮತ್ತೆ ಮಾಥೇರಾನ್

ಕಳೆದ ಮೇ ತಿಂಗಳಲ್ಲಿ ಪುನಃ ಮಾಥೇರಾನಿಗೆ ಹೋದೆವು. ಆ ಕೆಂಪು ಕುದುರೆಯನ್ನೂ ಹುಡುಗನನ್ನೂ ಹುಡುಕಿದೆ; ಸಿಗಲಿಲ್ಲ. ಬೇರೊಂದು ಕುದುರೆಯನ್ನು ಏರಿದೆ. ದಾರಿಯ ತಿರುವಿನಲ್ಲಿ ಮಕ್ಕಳ ಗುಂಪೊಂದು ಕೂಗುತ್ತಾ ಓಡಿಬಂತು. ಕುದುರೆ ಬೆಚ್ಚಿ ಎರಡು ಹೆಜ್ಜೆ ಮುಂದಕ್ಕೆ ಹಾರಿತು. ನನ್ನ ಕೈಗಳು ಜಗ್ಗಲು ಹೊರಟಿದ್ದವು. ಹಳೆಯ ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ. ಆದರೆ ಅಷ್ಟರೊಳಗೆ ಸೊಂಟ ತನ್ನ ಕೆಲಸ ಮಾಡಿತ್ತು. ಉಸಿರು ಬಿಟ್ಟೆ, ಕಾಲು ಸಡಿಲಿಸಿದೆ, ಕಣ್ಣನ್ನು ಮುಂದಿನ ದಾರಿಗೆ ಕೊಟ್ಟು, ಒಂದೇ ಲಗಾಮನ್ನು ಬೆರಳಿನಿಂದ ಮೆಲ್ಲಗೆ ಮುಚ್ಚಿ ಸಣ್ಣದೊಂದು ಸುತ್ತು ತಿರುಗಿಸಿದೆ. ಕುದುರೆ ನಿಂತಿತು. ನೋಡಿದವರಿಗೆ ಇದರಲ್ಲಿ ವಿಶೇಷವೇನೂ ಕಾಣಿಸಿರಲಾರದು.

ಕೆಳಗಿಳಿದಾಗ ಹದಿಮೂರು ವರ್ಷದ ಮಗಳು ಬಳಿಗೆ ಬಂದಳು. ನನಗೆ ಪೆಟ್ಟಾಯಿತೇ ಎಂದು ಕೇಳಲಿಲ್ಲ. ಕುದುರೆಯ ಮುಖದ ಬಳಿಗೆ ಹೋಗಿ ಬಾಯಿಯ ಎರಡೂ ಅಂಚುಗಳನ್ನು ನೋಡಿದಳು. ನೊರೆ ಬೆಳ್ಳಗಿತ್ತು. “ಬರುವ ಭಾನುವಾರ ನಾನೂ ಉಸ್ತಾದರ ಹತ್ತಿರ ಬರಲಾ ಅಪ್ಪಾ?” ಎಂದಳು.

ಈಗ ಭಾನುವಾರದ ಬೆಳಗ್ಗೆ ಮುಲುಂಡಿನಿಂದ ಇಬ್ಬರೂ ಹೊರಡುತ್ತೇವೆ. ಅವಳಿಗೆ ಇನ್ನೂ ಲಗಾಮು ಸಿಕ್ಕಿಲ್ಲ.